ಶಲವಡಿಯಿಂದ ಸಮುದ್ರಕ್ಕೆ: ಗಾಲಿ ಕುರ್ಚಿಯೊಡನೆ ಒಂದು ಹಡಗುಪ್ರಯಾಣ

ಪ್ರವಾಸದ ಲೇಖನಗಳಲ್ಲಿ ಬೆಟ್ಟದ ಎತ್ತರವನ್ನೂ ಗುಡಿಯ ಶಿಖರದ ಎತ್ತರವನ್ನೂ ಕೊಡುವ ವಾಡಿಕೆಯುಂಟು. ಬಾಗಿಲಿನ ಅಗಲವನ್ನು ಮಾತ್ರ ಯಾರೂ ಕೊಡುವದಿಲ್ಲ. 2017ರ ವರೆಗೆ ನಾವೂ ಅದನ್ನು ಕೇಳಿದವರಲ್ಲ. ಆದರೆ ಮನೆಯಲ್ಲಿ ಒಬ್ಬರು ಗಾಲಿ ಕುರ್ಚಿಯ ಮೇಲೆ ಕುಳಿತ ದಿನದಿಂದ ಗುಡಿ, ದವಾಖಾನೆ, ನಂಟರ ಮನೆ, ಎಲ್ಲವೂ ಅಂಗುಲಗಳ ಲೆಕ್ಕಕ್ಕೆ ಬಂದುಬಿಡುತ್ತವೆ. ಇಂಥದೇ ಲೆಕ್ಕವನ್ನು ಹಿಡಿದುಕೊಂಡು ನಾವು ಒಮ್ಮೆ ಸಮುದ್ರದ ಮೇಲೆ ಹೋಗಿಬಂದೆವು. ನಮ್ಮಂಥ ಕುಟುಂಬಗಳು ವಾಚಕರಲ್ಲಿಯೂ ಇರಬಹುದಾದುದರಿಂದ ನಾವು ಕಂಡುದನ್ನೂ ಕಳೆದುಕೊಂಡುದನ್ನೂ ಇಲ್ಲಿ ಬರೆಯುತ್ತಿರುವೆವು.

ಶಲವಡಿಯು ಧಾರವಾಡ ಜಿಲ್ಲೆಯ ನವಲಗುಂದ ಸೀಮೆಯಲ್ಲಿರುವ ಊರು. ಸುತ್ತಲೂ ಕಣ್ಣು ಹಾಯುವಷ್ಟು ದೂರ ಎರೆಯ ಭೂಮಿ. ಹೆಸರು, ಹತ್ತಿ, ಜೋಳ, ಗೋದಿ, ಕಡಲೆಗಳ ನಾಡು. ಬೇಸಿಗೆಯಲ್ಲಿ ಈ ನೆಲವು ಬಾಯಿ ಬಿಡುತ್ತದೆ. ಮಳೆಯಾದರೆ ಅದೇ ನೆಲವು ಕಾಲನ್ನು ಹಿಡಿದು ಬಿಡುವದಿಲ್ಲ. ಬಾವಿಗಳ ನೀರು ಬಹುಮಟ್ಟಿಗೆ ಸವುಳು; ಹಿರಿಯರು ಕುಡಿಯುತ್ತಿದ್ದುದು ಕೆರೆಯ ನೀರನ್ನು. ಇಂಥ ಊರಿಗೂ ಸಮುದ್ರಕ್ಕೂ ಏನು ಸಂಬಂಧವೆಂದು ಕೇಳುವವರಿಗೆ ಒಂದು ಮಾತು ಹೇಳಬೇಕು. 1861ರಿಂದ 1865ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧವು ನಡೆದು ಅಲ್ಲಿಯ ಹತ್ತಿಯು ಇಂಗ್ಲಂಡಿಗೆ ಬಾರದೆ ಹೋದಾಗ, ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದಿತು. ರೈಲು ಬರುವ ಮುಂಚಿನ ಆ ಕಾಲದಲ್ಲಿ ಹತ್ತಿಯ ಅಂಡಿಗೆಗಳು ಚಕ್ಕಡಿಗಳ ಮೇಲೆ ಘಟ್ಟವಿಳಿದು ಕುಮಟೆಯ ಬಂದರಕ್ಕೆ ಹೋಗಿ, ಅಲ್ಲಿಂದ ಮುಂಬಯಿಗೂ, ಮುಂಬಯಿಯಿಂದ ವಿಲಾಯತಿಗೂ ಸಾಗುತ್ತಿದ್ದವು. ಹೀಗೆ ನಮ್ಮ ಕಡೆಯ ಹತ್ತಿಯು ಕಡಲನ್ನು ಕಂಡಿತ್ತು. ಹತ್ತಿಯನ್ನು ಬಿಡಿಸಿದ ಹೆಂಗಸರು ಕಂಡಿರಲಿಲ್ಲ.

ನಮ್ಮ ಅವ್ವನೂ ಹಾಗೆಯೇ ಕಾಣದವರಲ್ಲಿ ಒಬ್ಬಳು. ಬರಗಾಲದ ವರ್ಷಗಳಲ್ಲಿ ಕೊಡ ಹೊತ್ತು ಕೆರೆಯ ತಳದ ನೀರನ್ನು ತಂದವಳು. ಚಿಕ್ಕಂದಿನಲ್ಲಿ ಯಾರೋ ಸಮುದ್ರದ ಸುದ್ದಿಯನ್ನು ಹೇಳಿದಾಗ, “ಅದು ನಮ್ಮ ಕೆರಿ ಎಷ್ಟು ಪಾಲು ಆಗತೈತಿ?” ಎಂದು ಕೇಳಿದ್ದಳಂತೆ. ಆ ಪ್ರಶ್ನೆಯು ಅವಳ ಮನಸ್ಸಿನಿಂದ ಹೋಗಿರಲಿಲ್ಲ. 2017ರ ಸುಗ್ಗಿಯಲ್ಲಿ ಹೊಟ್ಟಿನ ಚಕ್ಕಡಿಯ ಮೇಲಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಎರಡೂ ಕಾಲುಗಳ ಶಕ್ತಿಯು ಹೋಯಿತು. ಕೈಗಳ ಶಕ್ತಿಯು ಮಾತ್ರ ಮುಂಚಿನಂತೆಯೇ ಉಳಿದಿದೆ. ಗಾಲಿ ಕುರ್ಚಿಯನ್ನು ತಾನೇ ನೂಕಿಕೊಳ್ಳುವಳು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಹಲಗೆಯ ಮೇಲೆ ಜಾರಿ ತಾನೇ ಹೋಗುವಳು. ಇನ್ನೊಬ್ಬರು ಎತ್ತಿಕೊಳ್ಳುವದೆಂದರೆ ಅವಳಿಗೆ ಸೇರದು.

2023ರ ಶ್ರಾವಣದಲ್ಲಿ ಅಣ್ಣನು ಒಂದು ಸುದ್ದಿ ತಂದನು. ಮುಂಬಯಿಯಿಂದ ಗೋವೆಗೆ ವಿಹಾರದ ಹಡಗು ಹೋಗಿಬರುವದೆಂದೂ, ಎರಡು ರಾತ್ರಿ ಹಡಗಿನಲ್ಲಿಯೇ ಊಟ, ವಸತಿ, ಎಲ್ಲವೂ ಇರುವದೆಂದೂ ಹೇಳಿದನು. ದಂಡೆಯ ಉಸುಕಿನಲ್ಲಿ ಕುರ್ಚಿಯ ಗಾಲಿ ಹೂಳುವದು ನಮಗೆ ಗೊತ್ತಿತ್ತು. ಹಡಗಿನ ಮೇಲಾದರೆ ಸಮುದ್ರವೇ ಅವ್ವನ ಸುತ್ತಲೂ ಇರುವದಷ್ಟೆ! ನಾವು ಟಿಕೀಟು ಮಾರುವವರಿಗೆ ಫೋನು ಮಾಡಿ ಗಾಲಿ ಕುರ್ಚಿಯವರಿಗೆ ಅನುಕೂಲವುಂಟೋ ಎಂದು ಕೇಳಿದೆವು. “ಎಲ್ಲ ಅನುಕೂಲ ಇದೆ” ಎಂದು ಉತ್ತರ ಬಂದಿತು. ದೀಪಾವಳಿಯ ರಜೆಗೆ ಎರಡು ಕೋಣೆಗಳನ್ನು ಕಾಯ್ದಿರಿಸಿ ಮುಂಗಡ ಹಣವನ್ನು ಕಟ್ಟಿಬಿಟ್ಟೆವು.

ಹೊಂದಿಕೆಯಾಗದ ಮಾತನ್ನು ಮೊದಲು ಕಂಡವಳು ನಮ್ಮ ವೈನಿ. “ಅತ್ತಿಯವರು ರಾತ್ರಿ ಬಚ್ಚಲಕ್ಕ ಹೆಂಗ ಹೋಗಬೇಕು? ಬಾಗಲಾ ಎಷ್ಟು ಅಗಲ ಐತಿ ಕೇಳೀರೇನು?” ಎಂದು ಕೇಳಿದಳು. ನಾವು ಕೇಳಿರಲಿಲ್ಲ. ಬರೆದು ಕೇಳಿದೆವು. ಬಹಳ ದಿನಗಳ ಮೇಲೆ ಉತ್ತರ ಬಂದಿತು: ಕೋಣೆಯ ಬಾಗಿಲು 22 ಅಂಗುಲ, ಬಚ್ಚಲದ ಬಾಗಿಲು ಅದಕ್ಕಿಂತಲೂ ಕಿರಿದು, ಮೇಲೆ ಒಂದು ಹೊಸ್ತಿಲು. ಅವ್ವನ ಕುರ್ಚಿಯ ಅಗಲ 25 ಅಂಗುಲ. ಅವರು ಹೇಳಿದ “ಅನುಕೂಲ”ವೆಂದರೆ ಧಕ್ಕೆಯಿಂದ ಹಡಗಿನ ಬಾಗಿಲಿನ ವರೆಗೆ ಕುರ್ಚಿಯಲ್ಲಿ ಕೂಡ್ರಿಸಿ ನೂಕಿಕೊಂಡು ಹೋಗುವದು, ಅಷ್ಟೆ. ಮಾರುವವನು ಸುಳ್ಳು ಹೇಳಿರಲಿಲ್ಲ. ನಾವೂ ಸರಿಯಾಗಿ ಕೇಳಿರಲಿಲ್ಲ.

ಅಣ್ಣನು ಅವ್ವನಿಗೆ ಹೇಳಿದನು: “ಮೂರಽ ಅಂಗುಲ ಅಲ್ಲೇನಬೇ? ಬಾಗಲದಾಗಿಂದ ಒಳಗ ನಾವು ಎತಗೊಂಡು ಹೋಗತೇವಿ.”

ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: “ಅಂಡಿಗಿ ಹೊತ್ತಂಗ ನನ್ನ ಹೊತಗೊಂಡು ಹೋಗೂದಾದ್ರ ನಾ ಒಲ್ಲೆ. ನನ್ನ ಗಾಲಿ ಹೋಗೂವಂಥಾ ಬಾಗಲಾ ಸಿಕ್ಕಾಗ ಹೇಳ್ರಿ.”

ಟಿಕೀಟನ್ನು ಬಿಟ್ಟುಕೊಟ್ಟೆವು. ಮುಂಗಡದಲ್ಲಿ ಒಂದು ಪಾಲು ಹೋಯಿತು. ಹಣ ಹೋದುದಕ್ಕಿಂತ ಅವ್ವನ ಮುಂದೆ ನಮ್ಮ ಅಜಾಗರೂಕತೆಯು ಬಯಲಾದುದು ಹೆಚ್ಚು ನೋವನ್ನುಂಟುಮಾಡಿತು. ಅವಳ ಆಸೆಯನ್ನು ನಾವು ಕೇಳಿದ್ದೆವು; ಅವಳ ಕುರ್ಚಿಯನ್ನು ಅಳೆದಿರಲಿಲ್ಲ.

ಆ ಮೇಲೆ ನಾವು ಹಡಗುಗಳ ವಿಷಯವನ್ನು ಓದಿ, ಕೇಳಿ, ತಿಳಿದುಕೊಂಡ ಸಂಗತಿಗಳನ್ನು ಈ ಕೆಳಗೆ ಹೇಳುವೆವು. ಇಂಥ ಪ್ರಯಾಣವನ್ನು ಮನಸ್ಸಿನಲ್ಲಿ ತಂದವರು ಇವನ್ನು ಹಣ ಕಟ್ಟುವ ಮುಂಚೆಯೇ ವಿಚಾರಿಸಬೇಕು.

ದೊಡ್ಡ ವಿಹಾರದ ಹಡಗುಗಳಲ್ಲಿ ಗಾಲಿ ಕುರ್ಚಿಯವರಿಗೆಂದೇ ಕಟ್ಟಿದ ಕೆಲವು ಕೋಣೆಗಳು ಇರುತ್ತವೆ. ಇವುಗಳ ಬಾಗಿಲು ಸಾಮಾನ್ಯವಾಗಿ 32 ಅಂಗುಲ ಅಥವಾ ಅದಕ್ಕಿಂತ ಅಗಲ. ಒಳಗೆ ಕುರ್ಚಿಯು ಪೂರ್ತಿ ತಿರುಗುವಷ್ಟು, ಎಂದರೆ ಸುಮಾರು 5 ಅಡಿಗಳ ವರ್ತುಲದಷ್ಟು ಬಯಲು ಜಾಗವಿರುತ್ತದೆ. ಬಚ್ಚಲಕ್ಕೆ ಹೊಸ್ತಿಲು ಇರುವದಿಲ್ಲ. ನೆಲವೇ ತುಸು ಇಳಿಜಾರಾಗಿ ನೀರು ಮೋರಿಗೆ ಹೋಗುತ್ತದೆ. ಗೋಡೆಗೆ ಹಿಡಿಕೆಗಳು, ಕುಳಿತು ಮೀಯಲು ಮಡಚುವ ಪೀಠ, ಕುಳಿತವರ ಕೈಗೆ ಎಟಕುವ ದೀಪದ ಗುಂಡಿ, ಇವೆಲ್ಲ ಇರಬೇಕು. ಆದರೆ ಹೆಸರಿಗೆ ಮೋಸಹೋಗಬಾರದು. ಕೋಲು ಹಿಡಿದು ನಾಲ್ಕು ಹೆಜ್ಜೆ ನಡೆಯಬಲ್ಲವರಿಗಾಗಿ ಹಿಡಿಕೆಯನ್ನಷ್ಟೇ ಹಾಕಿದ ಕೋಣೆಗಳನ್ನೂ ಕೆಲವೆಡೆ ಇದೇ ಹೆಸರಿನಿಂದ ಕರೆಯುತ್ತಾರೆ. ಕುರ್ಚಿಯು ಅವುಗಳೊಳಗೆ ಹೋಗದು. ಆದುದರಿಂದ “ಅನುಕೂಲವುಂಟೋ?” ಎಂದು ಕೇಳದೆ, “ಬಾಗಿಲು ಎಷ್ಟು ಅಂಗುಲ? ಬಚ್ಚಲದ ಬಾಗಿಲು ಎಷ್ಟು? ಹೊಸ್ತಿಲು ಎಷ್ಟು ಎತ್ತರ? ಮಂಚ ಎಷ್ಟು ಎತ್ತರ?” ಎಂದು ಕೇಳಿ, ಉತ್ತರವನ್ನು ಬರೆಹದಲ್ಲಿ ಪಡೆಯಬೇಕು. ಮಂಚದ ಎತ್ತರವು ಕುರ್ಚಿಯ ಪೀಠಕ್ಕೆ ಸಮನಾಗಿದ್ದರೆ ಜಾರಿ ಹೋಗುವವರಿಗೆ ಸುಲಭ. ನಾಲ್ಕು ಅಂಗುಲ ಹೆಚ್ಚಾದರೆ ಅದು ಗೋಡೆಯನ್ನು ಏರಿದಂತೆ.

ಕುರ್ಚಿಯನ್ನು ರಾತ್ರಿ ಕೋಣೆಯ ಹೊರಗೆ ಓಣಿಯಲ್ಲಿ ನಿಲ್ಲಿಸಿದರಾಯಿತೆಂದು ಕೆಲವರು ಎಣಿಸುವರು. ಅದು ನಡೆಯದು. ಬೆಂಕಿಯೋ ಅಪಘಾತವೋ ಆದಾಗ ಜನರು ಓಡುವ ದಾರಿಯಾದುದರಿಂದ ಓಣಿಯನ್ನು ತೆರವಾಗಿ ಇಡುವದು ಹಡಗಿನ ನಿಯಮ. ಕುರ್ಚಿಯು ಕೋಣೆಯೊಳಗೇ ಇರಬೇಕು.

ಇಂಥ ಕೋಣೆಗಳು ಒಂದು ಹಡಗಿನಲ್ಲಿ ಬಹು ಸ್ವಲ್ಪ. ಅವು ಎಲ್ಲಕ್ಕಿಂತ ಮೊದಲು ತುಂಬುತ್ತವೆ. ಆರು ತಿಂಗಳು ಮುಂಚಿತವಾಗಿ ಕೇಳುವದು ಹೆಚ್ಚಲ್ಲ. ಕೋಣೆಯು ವಿಶಾಲವಾಗಿದೆಯೆಂಬ ಕಾರಣಕ್ಕೆ ನಡೆಯಬಲ್ಲವರು ಅದನ್ನು ಹಿಡಿದುಕೊಂಡರೆ, ಎಲ್ಲಿಯೋ ಒಬ್ಬ ತಾಯಿಯ ಪ್ರಯಾಣವು ನಿಂತುಹೋಗುತ್ತದೆಂಬುದನ್ನು ವಾಚಕರು ನೆನಪಿಡಬೇಕು.

ಇನ್ನು ಬಂದರಗಳ ಮಾತು. ಹಡಗು ಧಕ್ಕೆಗೆ ತಾಗಿ ನಿಲ್ಲುವ ಬಂದರ ಬೇರೆ, ದೂರ ನೀರಿನಲ್ಲಿ ಲಂಗರು ಹಾಕಿ ಜನರನ್ನು ಸಣ್ಣ ದೋಣಿಗಳಲ್ಲಿ ಇಳಿಸುವ ಸ್ಥಳ ಬೇರೆ. ತೆರೆಗಳ ಮೇಲೆ ಏರಿಳಿಯುವ ದೋಣಿಗೆ ಗಾಲಿ ಕುರ್ಚಿಯನ್ನು ದಾಟಿಸುವದು ಅಪಾಯದ ಕೆಲಸ. ಅನೇಕ ಹಡಗಿನವರು ಅದಕ್ಕೆ ಒಪ್ಪುವದಿಲ್ಲ. ಅಣ್ಣನಿಗೆ ಲಕ್ಷದ್ವೀಪದ ನೀಲಿ ನೀರನ್ನು ತೋರಿಸುವ ಆಸೆಯಿತ್ತು. ಆದರೆ ಅಲ್ಲಿ ಹಡಗಿನಿಂದ ದೋಣಿಯಲ್ಲಿ ಇಳಿಯಬೇಕೆಂದು ತಿಳಿದು ಆ ಮಾತನ್ನು ಬಿಟ್ಟೆವು. ಗೋವೆಯ ಮುರಗಾಂವ ಬಂದರದಲ್ಲಿ ಹಡಗು ಧಕ್ಕೆಗೇ ತಾಗುತ್ತದೆ. ಅದೇ ಸಾಕೆಂದುಕೊಂಡೆವು.

ಇದೆಲ್ಲ ಬೇಡಿಕೆಯೋ ಹಕ್ಕೋ ಎಂಬ ಪ್ರಶ್ನೆಯೂ ಬರುತ್ತದೆ. ಅಮೇರಿಕೆಯಲ್ಲಿ 1990ರಲ್ಲಿ ಅಂಗವಿಕಲರ ಕಾಯಿದೆಯಾಯಿತು. ಪರದೇಶದ ನಿಶಾನೆ ಹಾರಿಸುವ ವಿಹಾರದ ಹಡಗುಗಳಿಗೂ ಅಮೇರಿಕೆಯ ನೀರಿನಲ್ಲಿ ಅದು ತಗಲುವದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ನಿರ್ಣಯಿಸಿತು. ಯುರೋಪದ ಒಕ್ಕೂಟದಲ್ಲಿ ಜಲಮಾರ್ಗದ ಪ್ರಯಾಣಿಕರ ಹಕ್ಕುಗಳ ನಿಯಮವು 2012ರ ಡಿಸೆಂಬರದಿಂದ ಜಾರಿಯಲ್ಲಿದೆ. ನಮ್ಮ ದೇಶದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 2017ರ ಎಪ್ರಿಲ್ 19ರಿಂದ ಜಾರಿಗೆ ಬಂದಿತು. ಅದರ 41ನೆಯ ಕಲಮು ಎಲ್ಲ ಬಗೆಯ ಸಾರಿಗೆಯಲ್ಲಿ ಅವರಿಗೆ ಪ್ರವೇಶವಿರಬೇಕೆಂದು ಹೇಳುತ್ತದೆ. ಹಳೆಯ ವಾಹನಗಳ ವಿಷಯದಲ್ಲಿ ಮಾತ್ರ, ಸಾಧ್ಯವೂ ಸುರಕ್ಷಿತವೂ ಆದಷ್ಟು ಎಂಬ ಮಿತಿಯನ್ನು ಇಟ್ಟಿದೆ. ಪ್ರವೇಶದ ಅಳತೆಗಳು ಬರಿಯ ಸಲಹೆಗಳಾಗಿರದೆ ಕಡ್ಡಾಯವಾಗಿರಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರದಲ್ಲಿ ಹೇಳಿತು. ಕಾಯಿದೆಯು ಕಾಗದದಿಂದ ಬಾಗಿಲಿನ ವರೆಗೆ ಬರಲು ಕಾಲ ಹಿಡಿಯುವದು. ಅಲ್ಲಿಯ ವರೆಗೆ ಅಳತೆಯ ಪಟ್ಟಿಯನ್ನು ನಾವೇ ಹಿಡಿಯಬೇಕು.

ನಮಗೆ ಬೇಕಾದ ಕೋಣೆಯು 2024ರ ಮಾರ್ಚಿಗೆ ದೊರೆಯಿತು. ಕಡಲೆಯ ರಾಶಿಯನ್ನು ಮುಗಿಸಿಕೊಂಡು ಹೊರಟು, ನವಲಗುಂದದ ರಾಮಲಿಂಗ ಕಾಮಣ್ಣನ ಹೋಳಿಗೆ ಮರಳಿ ಬರುವಂತೆ ದಿನಗಳನ್ನು ಗೊತ್ತುಮಾಡಿದೆವು. ಅವ್ವ, ಅಣ್ಣ, ವೈನಿ ಮತ್ತು ಈ ಲೇಖನವನ್ನು ಬರೆಯುವ ನಾವು ಹುಬ್ಬಳ್ಳಿಯಿಂದ ರಾತ್ರಿಯ ರೈಲು ಹಿಡಿದೆವು. ಹುಬ್ಬಳ್ಳಿಯ ನಿಲ್ದಾಣದಲ್ಲಿ 1,507 ಮೀಟರು ಉದ್ದದ ಫಲಾಟು ಇರುವದು. 2023ರಲ್ಲಿ ಉದ್ಘಾಟನೆಯಾದಾಗ ಅದು ಜಗತ್ತಿನಲ್ಲಿಯೇ ಎಲ್ಲಕ್ಕೂ ಉದ್ದವಾದುದೆಂದು ಹೆಸರಾಯಿತು. ನಮ್ಮ ಡಬ್ಬಿಯು ಗಾಡಿಯ ಕೊನೆಯಲ್ಲಿತ್ತು. ಅವ್ವ ದೂರವನ್ನು ನೋಡಿ, “ಇಷ್ಟ ಸಪಾಟ ನೆಲಾ ನಮ್ಮೂರಾಗ ಇದ್ದಿದ್ರ ನಾ ದಿನಾ ಗುಡಿಗೆ ಹೋಗತಿದ್ದೆ” ಎಂದು ನಕ್ಕು, ತಾನೇ ಗಾಲಿ ತಿರುಗಿಸುತ್ತ ನಮಗಿಂತ ಮುಂದೆ ಹೋದಳು.

ಮುಂಬಯಿಯ ಬಂದರದಲ್ಲಿ ಹಡಗು ಒಂದು ದೊಡ್ಡ ವಾಡೆಯಂತೆ ನಿಂತಿತ್ತು. ಧಕ್ಕೆಯಿಂದ ಹಡಗಿಗೆ ಹಾಕಿದ ಸೇತುವೆಯು ಎಲ್ಲ ಹೊತ್ತಿನಲ್ಲಿ ಒಂದೇ ಸಮನಾಗಿರುವದಿಲ್ಲ. ಭರತದಲ್ಲಿ ನೀರಿನೊಡನೆ ಹಡಗೂ ಏರುತ್ತದೆ, ಸೇತುವೆಯ ಏರೂ ಕಡಿದಾಗುತ್ತದೆ. ಇಳಿತದಲ್ಲಿ ಎರಡೂ ತಗ್ಗುತ್ತವೆ. ಆಳುಗಳು ಇಬ್ಬರು ಹಿಂದೆ ನಿಂತು ನೂಕಿದರು. ಗಾಲಿಗಳ ಮೇಲೆ ಅವ್ವನ ಕೈಗಳೇ ಇದ್ದವು. ಕೋಣೆಯ ಬಾಗಿಲಿನಲ್ಲಿ ನಾವೆಲ್ಲರೂ ಉಸಿರು ಹಿಡಿದು ನಿಂತೆವು. ಕುರ್ಚಿಯು ಎರಡೂ ಕಡೆಗೆ ಮೂರು ಬೆರಳಿಗಿಂತ ಹೆಚ್ಚು ಜಾಗ ಬಿಟ್ಟು ಒಳಗೆ ಹೋಯಿತು. ಅವ್ವ ಬಚ್ಚಲಕ್ಕೆ ಹೋಗಿ, ಬಾಗಿಲು ಹಾಕಿಕೊಂಡು, ಮುಖ ತೊಳೆದುಕೊಂಡು ತಾನೇ ಹೊರಗೆ ಬಂದಳು. ಇದರಲ್ಲಿ ಬರೆಯತಕ್ಕದ್ದೇನೆಂದು ಕೆಲವರಿಗೆ ಅನಿಸಬಹುದು. ಆರು ವರ್ಷ ಇಂಥ ಬಾಗಿಲನ್ನು ಒಬ್ಬಳೇ ಹಾಕಿಕೊಳ್ಳದವಳಿಗೆ ಇದು ದೊಡ್ಡದು.

ಹಡಗು ಬಿಡುವ ಮುಂಚೆ ಎಲ್ಲರನ್ನೂ ಕೂಡಿಸಿ ಅಪಾಯದ ವೇಳೆಯ ಪಾಠವನ್ನು ಹೇಳಿದರು. 1912ರಲ್ಲಿ ಟೈಟಾನಿಕ್ ಹಡಗು ಮುಳುಗಿದಾಗ ಅದರಲ್ಲಿ 2,200ಕ್ಕೂ ಹೆಚ್ಚು ಜನರಿದ್ದು, ಪ್ರಾಣ ಉಳಿಸುವ ದೋಣಿಗಳಲ್ಲಿ 1,178 ಜನರಿಗಷ್ಟೇ ಜಾಗವಿತ್ತು. ಆ ಅನಾಹುತದ ತರುವಾಯ 1914ರಲ್ಲಿ ಲಂಡನ್ನಿನಲ್ಲಿ ಮೊದಲ ಅಂತರರಾಷ್ಟ್ರೀಯ ಕರಾರು ಆಯಿತು. ಇಂದಿನ ನಿಯಮಗಳು ಅದರಿಂದಲೇ ಬೆಳೆದುಬಂದವು. ಬೆಂಕಿಯ ವೇಳೆ ಲಿಫ್ಟು ನೆಚ್ಚತಕ್ಕದ್ದಲ್ಲ. ಆಗ ನಡೆಯಲಾರದವರನ್ನು ಮೆಟ್ಟಿಲುಗಳಲ್ಲಿ ಇಳಿಸಲು ಬೇರೆ ಕುರ್ಚಿಗಳೂ ಅದಕ್ಕೆ ನೇಮಿಸಿದ ಆಳುಗಳೂ ಇರುತ್ತಾರೆ. ಅವ್ವನ ಹೆಸರು, ಕೋಣೆಯ ಸಂಖ್ಯೆ, ಯಾರು ಬರುವರು, ಎಲ್ಲವನ್ನೂ ನಾವು ಕೇಳಿ ಬರೆದುಕೊಂಡೆವು. “ಹಂತಾ ಹೊತ್ತಿನ್ಯಾಗ ಹೊರಬಹುದು, ಅದಕ್ಕ ನನ್ನ ತಕರಾರ ಇಲ್ಲ” ಎಂದು ಅವ್ವ ಅಪ್ಪಣೆ ಕೊಟ್ಟಳು.

ಸಂಜೆಗೆ ಹಡಗು ದಂಡೆಯನ್ನು ಬಿಟ್ಟಿತು. ಹೊರಗಿನ ಕಟಾಂಜನದ ಕಡೆಗೆ ಹೋಗುವ ಬಾಗಿಲಿಗೆ ಎತ್ತರದ ಕಬ್ಬಿಣದ ಹೊಸ್ತಿಲು ಇತ್ತು. ತೆರೆಯ ನೀರು ಒಳಗೆ ನುಗ್ಗದಂತೆ ಹಡಗುಗಳಿಗೆ ಇಂಥ ಹೊಸ್ತಿಲುಗಳನ್ನು ಇಡಬೇಕಾಗುತ್ತದೆ. ಅದರ ಎರಡೂ ಕಡೆಗೆ ಇಳಿಜಾರು ಹಲಗೆಗಳನ್ನು ಹೂಡಿದ್ದರು. ಹೊಸ್ತಿಲೂ ಉಳಿದಿತ್ತು, ದಾರಿಯೂ ಆಗಿತ್ತು. ಅವ್ವ ಆ ಹಲಗೆಗಳನ್ನು ಬಹಳ ಹೊತ್ತು ನೋಡಿದಳು. ಆಗ ನಾವು ಅದರ ಅರ್ಥವನ್ನು ತಿಳಿಯಲಿಲ್ಲ.

ಎಡಕ್ಕೆ ಕೊಂಕಣದ ದಂಡೆಯ ದೀಪಗಳು ಒಂದೊಂದಾಗಿ ಹಿಂದೆ ಸರಿದವು. ಬಲಕ್ಕೆ ಸೂರ್ಯನು ನೀರಿನಲ್ಲಿ ಇಳಿದನು. ಶುಕ್ಲಪಕ್ಷದ ಚಂದ್ರನು ಮೇಲಿದ್ದನು. ಸುತ್ತಲೂ ನೋಡಿದರೆ ನಮ್ಮ ಎರೆಯ ಹೊಲದಂತೆಯೇ ಸಮತಲ, ಕೊನೆಯಿಲ್ಲದ ಬಯಲು, ಬದುವೊಂದು ಇಲ್ಲ. ಅವ್ವ ಮಾತಾಡಲಿಲ್ಲ. ಚಳಿಯಾಯಿತೆಂದು ವೈನಿಯು ಶಾಲು ಹೊದಿಸಿದಾಗಲೂ ಮುಖ ತಿರುಗಿಸಲಿಲ್ಲ. ಕೊನೆಗೆ ಅಂದಳು: “ಕೆರಿ ಲೆಕ್ಕ ಹಾಕಬಾರದು. ಲೆಕ್ಕ ಹತ್ತಂಗಿಲ್ಲ.” ಐವತ್ತು ವರ್ಷಗಳ ಪ್ರಶ್ನೆಗೆ ಉತ್ತರವು ಹಾಗೆ ದೊರೆಯಿತು.

ಮರುದಿನ ಮುರಗಾಂವದಲ್ಲಿ ಇಳಿಯುವ ಹೊತ್ತಿಗೆ ಸೇತುವೆಯು ಬಹಳ ಕಡಿದಾಗಿತ್ತು. ಹಡಗಿನ ಅಧಿಕಾರಿಯು ನೀರು ಇಳಿಯುವ ವರೆಗೆ ತಡೆಯಿರೆಂದನು. ಎಲ್ಲರೂ ಇಳಿದು ಹೋದ ಮೇಲೆ ಒಂದೂವರೆ ತಾಸು ಕಾಯ್ದು, ಅವ್ವನನ್ನು ಬೆನ್ನು ಮುಂದಾಗಿ, ನಿಧಾನವಾಗಿ ಇಳಿಸಿದರು; ಇಳುಕಲಿನಲ್ಲಿ ಕುರ್ಚಿಯನ್ನು ಹಾಗೆಯೇ ಇಳಿಸುವದು ಕ್ಷೇಮ. ವಾಸ್ಕೋ ಪಟ್ಟಣದಲ್ಲಿ ಕನ್ನಡ ಮಾತು ಕಿವಿಗೆ ಬೀಳುವದು ಅಪರೂಪವಲ್ಲ; ನಮ್ಮ ಟ್ಯಾಕ್ಸಿಯವನೂ ಗದಗದ ಕಡೆಯವನಾಗಿದ್ದನು. ಅವನು ನಮ್ಮನ್ನು ಒಂದು ದಂಡೆಗೆ ಕರೆದೊಯ್ದನು. ಉಸುಕಿನಲ್ಲಿ ನಾಲ್ಕು ಮಾರು ಹೋಗುವಷ್ಟರಲ್ಲಿ ಗಾಲಿಗಳು ಹೂತವು. “ನಮ್ಮ ಎರಿ ಇಲ್ಲೀತನಕ ಬಂತಲ್ಲೋ!” ಎಂದು ಅವ್ವ ನಕ್ಕಳು. ಅಣ್ಣನು ತಂಬಿಗೆಯಲ್ಲಿ ಸಮುದ್ರದ ನೀರನ್ನು ತಂದು ಅವಳ ಪಾದಗಳ ಮೇಲೆ ಹಾಕಿದನು. ಪಾದಗಳಿಗೆ ಅದು ತಿಳಿಯಲಿಲ್ಲ. ಅವ್ವ ಬೊಗಸೆಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ನಾಲಿಗೆಗೆ ಒಂದು ಹನಿ ಹಚ್ಚಿಕೊಂಡು, ಇದು ನಮ್ಮ ಸವುಳು ಬಾವಿಯ ಹಿರಿಯಣ್ಣನೆಂದಳು.

ಪ್ರಯಾಣದಲ್ಲಿ ಎಲ್ಲವೂ ಸರಾಗವಾಯಿತೆಂದು ಹೇಳಲಾರೆವು. ಊಟದ ಮನೆಯಲ್ಲಿ ಕುರ್ಚಿಗಳ ಸಂದು ಇಕ್ಕಟ್ಟಾಗಿತ್ತು. ಲಿಫ್ಟಿನ ಮುಂದೆ ನಡೆಯಬಲ್ಲವರೇ ಮೊದಲು ನುಗ್ಗುತ್ತಿದ್ದರು. ಮೂರು ಸಲ ಬಾಗಿಲು ತೆರೆದು ಮುಚ್ಚಿದ ಮೇಲೆ ನಮ್ಮ ಪಾಳಿ ಬರುತ್ತಿತ್ತು. ಹಡಗು ಕಟ್ಟಿದವರು ಬಾಗಿಲನ್ನು ಅಗಲ ಮಾಡಬಹುದು. ಜನರ ಮನಸ್ಸನ್ನು ಅಗಲ ಮಾಡುವದು ಅವರ ಕೈಯಲ್ಲಿಲ್ಲ.

ಊರಿಗೆ ಬಂದ ಮರುದಿನ ಅವ್ವ ಬಡಿಗನನ್ನು ಕರೆಯಿಸೆಂದಳು. ನಮ್ಮ ತಲಬಾಗಿಲಿಗೆ ಆರು ಅಂಗುಲದ ಸಾಗವಾನಿ ಹೊಸ್ತಿಲು ಉಂಟು. ಆರು ವರ್ಷ ನಾವು ಅವಳನ್ನು ಕುರ್ಚಿ ಸಹಿತ ಎತ್ತಿ ದಾಟಿಸುತ್ತಿದ್ದೆವು. ಪೂಜೆಗೊಳ್ಳುವ ಹೊಸ್ತಿಲನ್ನು ಕೀಳುವದು ಯಾರಿಗೂ ಬೇಡವಾಗಿತ್ತು; ಬೇರೆ ಹಾದಿ ಇರಬಹುದೆಂದು ಯಾರೂ ಎಣಿಸಿರಲಿಲ್ಲ. ಒಂದು ಅಂಗುಲ ಏರಿಗೆ ಹನ್ನೆರಡು ಅಂಗುಲ ಉದ್ದವೆಂಬುದು ಇಳಿಜಾರಿನ ಲೆಕ್ಕ. ಆ ಲೆಕ್ಕದ ಮೇರೆಗೆ ಹೊರಗೆ ಆರು ಅಡಿ, ಒಳಗೆ ಪಡಸಾಲೆಯಲ್ಲಿ ಆರು ಅಡಿ, ಎರಡು ಹಲಗೆಗಳಾದವು. ಹೊಸ್ತಿಲು ತನ್ನ ಅರಿಷಿಣ ಕುಂಕುಮದೊಡನೆ ನಡುವೆಯೇ ಉಳಿದಿದೆ. ಸಮುದ್ರದ ವರೆಗೆ ಹೋಗಿ ನಾವು ಕಲಿತುಬಂದುದು ನಮ್ಮ ಮನೆಯ ಬಾಗಿಲಿನ ಪಾಠವನ್ನು ಎಂದರೆ ನಾಚಿಕೆಯಾಗುತ್ತದೆ. ಆದರೂ ಹೇಳದಿರುವದು ಸರಿಯಲ್ಲ.

ಈಗ ಅವ್ವನ ಕುರ್ಚಿಯ ಚೀಲದಲ್ಲಿ ಕನ್ನಡಕದೊಡನೆ ಅಳತೆಯ ಪಟ್ಟಿಯೊಂದು ಇರುತ್ತದೆ. ಮೊನ್ನೆ ಅಣ್ಣಿಗೇರಿಯ ನಂಟರು ಮದುವೆಗೆ ಕರೆಯಲು ಬಂದು, “ನೀವು ಬರಾಕಽ ಬೇಕ್ರಿ, ಎಲ್ಲಾ ಅನುಕೂಲ ಮಾಡತೇವ್ರಿ” ಎಂದರು. ಅವ್ವ ಕುಂಕುಮವನ್ನು ಹಚ್ಚಿಸಿಕೊಂಡು, ಅಕ್ಷತೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೇಳಿದಳು:

“ಬರತೇನವಾ. ಕಲ್ಯಾಣಮಂಟಪದ ಬಾಗಲಾ ಎಷ್ಟು ಅಂಗುಲ ಐತಿ?”